ನಲ್ಲಿ ತಿರುಗಿಸಿದರೆ ಹರಿಯುವ ಹೊಳೆ

ಹೊಳೆ ಶುರುವಾಗುವ ಜಾಗದಲ್ಲಿ ನಿಂತು ಹಿಂದೆ ತಿರುಗಿ ನೋಡಿದರೆ ಹೊಳೆಯೇ ಇಲ್ಲ. ಒಂದು ಸಣ್ಣ ಚೌಕ ಇದೆ. ಅದರಲ್ಲಿ ಕೆಂಪು-ನೀಲಿ ಬಣ್ಣದ, ಶಂಖದ ಹಾಗೆ ಸುತ್ತಿಕೊಂಡು ನಿಂತಿರುವ 20 ಮೀಟರ್ ಎತ್ತರದ ಶಿಲ್ಪ. ಆಚೆಗೆ ಬಸ್ಸು ಕಾರು ಓಡುವ ದೊಡ್ಡ ರಸ್ತೆ, ಅದರಾಚೆ ಆಫೀಸು ಕಟ್ಟಡಗಳು. ಮುಂದಕ್ಕೆ ನೋಡಿದರೆ ಮಾತ್ರ ನಿಮ್ಮ ಕಾಲಡಿಯಿಂದಲೇ ಎದ್ದು ಬಂದ ಹಾಗೆ ನೀರು ಧುಮುಕಿ, ಕಲ್ಲುಗಳ ನಡುವೆ ಹರಿದು, ಸೇತುವೆ ಕೆಳಗೆ ನುಸುಳಿ ಹೋಗುತ್ತಿದೆ.

ಇದು ದಕ್ಷಿಣ ಕೊರಿಯಾದ ಸೋಲ್ ನಗರದ ನಟ್ಟನಡುವೆ ಇರುವ ಚೊಂಗ್‌ಗ್ಯೆಚೊನ್. ಹೆಸರು ಹೇಳಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ಕೊನೆಯ ‘ಚೊನ್’ ಅಂದರೆ ಹೊಳೆ ಅಷ್ಟೆ, ಪೂರ್ತಿ ಹೆಸರನ್ನು ತಿಳಿನೀರಿನ ಹೊಳೆ ಅಂತ ಇಟ್ಟುಕೊಳ್ಳಿ. ಕೆಲಸದ ಮೇಲೆ ಒಂದು ವಾರ ಆ ಊರಿಗೆ ಹೋಗಿದ್ದೆ. ಜುಲೈ ತಿಂಗಳು, ಸಂಜೆ ಏಳಾದರೂ ಬೆಳಕಿತ್ತು, ಸೆಕೆ ಮಾತ್ರ ಥೇಟ್ ಮಂಗಳೂರಿನದು. ಮೇಲಿನ ರಸ್ತೆಯಿಂದ ಮೆಟ್ಟಿಲಿಳಿದು ನೀರಿನ ಪಕ್ಕಕ್ಕೆ ಬಂದ ಕೂಡಲೇ ಎರಡು ವಿಷಯ ಗೊತ್ತಾಗುತ್ತದೆ. ಇಂಜಿನ್ ಸದ್ದು ತಲೆ ಮೇಲೆಯೇ ಉಳಿದುಬಿಡುತ್ತದೆ, ಮತ್ತೆ ಮೈಗೆ ಒಂಚೂರು ತಂಪು ಅನ್ನಿಸುತ್ತದೆ. ಈ ತಂಪು ಬರೀ ನಮ್ಮ ಭ್ರಮೆ ಅಲ್ಲ. ಬೇಸಿಗೆಯಲ್ಲಿ ಅಳೆದು ನೋಡಿದವರಿಗೆ ಹೊಳೆ ದಂಡೆಗೂ ಕೆಲವು ಬೀದಿ ಆಚೆ ಅದೇ ದಿಕ್ಕಿನಲ್ಲಿ ಹೋಗುವ ರಸ್ತೆಗೂ 3.3ರಿಂದ 5.9 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಸಿಕ್ಕಿದೆ.

ಆಫೀಸು ಮುಗಿಸಿದವರು ಶೂ ಬಿಚ್ಚಿ, ಪ್ಯಾಂಟು ಮಡಚಿ, ನೀರಲ್ಲಿ ಕಾಲು ಬಿಟ್ಟು ಕೂತಿದ್ದರು. ನಾನೂ ಕೂತೆ. ನೀರು ತಣ್ಣಗಿತ್ತು, ತಳದ ಕಲ್ಲು ಎಣಿಸಬಹುದಿತ್ತು. ಜೊತೆಗೆ ಬಂದಿದ್ದ ಅಲ್ಲಿನ ಸಹೋದ್ಯೋಗಿಯನ್ನು ಸುಮ್ನೆ ಕೇಳಿದೆ, ಈ ನೀರು ಯಾವ ಬೆಟ್ಟದಿಂದ ಬರುತ್ತೆ ಅಂತ. ಅವನು ನಕ್ಕು ಒಂದೇ ಮಾತು ಹೇಳಿದ: “ಪಂಪು.”

ಆಮೇಲೆ ಆ ಪಂಪಿನ ಹಿಂದೆ ಬಿದ್ದೆ. ಅದು ಅರ್ಥವಾಗದೆ ಈ ಹೊಳೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ‘ರಾಜಕಾಲುವೆಯನ್ನು ಸೋಲ್ ಮಾದರಿಯಲ್ಲಿ ಮಾಡುತ್ತೇವೆ’ ಅಂತ ಯಾರಾದರೂ ಹೇಳಿದಾಗ ಏನು ಕೇಳಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

ಮೊದಲಿಗೆ, ಇದು ಹುಟ್ಟಾ ಮಳೆಗಾಲದ ಹಳ್ಳ. ಹಳೆಯ ಸೋಲ್ ಊರಿನ ಸುತ್ತ ಬುಗಾಕ್, ಇನ್ವಾಂಗ್, ನಾಮ್ ಅನ್ನುವ ಬೆಟ್ಟಗಳಿವೆ. ಅವುಗಳ ಮೇಲೆ ಬಿದ್ದ ಮಳೆ ಊರ ನಡುವಿನ ತಗ್ಗಿಗೆ ಇಳಿದು ಪೂರ್ವಕ್ಕೆ ಹರಿದು ಜುಂಗ್‌ನಾಂಗ್ ಹೊಳೆ ಸೇರಿ, ಅಲ್ಲಿಂದ ದೊಡ್ಡದಾದ ಹಾನ್ ನದಿ ಸೇರುತ್ತದೆ. ತಮಾಷೆ ಏನೆಂದರೆ ಹಾನ್ ನದಿ ಹರಿಯುವುದು ಪಶ್ಚಿಮಕ್ಕೆ, ಈ ಹೊಳೆ ಪೂರ್ವಕ್ಕೆ. ಮಳೆಗಾಲದಲ್ಲಿ ಇದು ಉಕ್ಕಿ ಮನೆಗಳಿಗೆ ನುಗ್ಗುತ್ತಿತ್ತು, ಉಳಿದ ತಿಂಗಳು ಒಣಗಿಯೋ ಗಲೀಜು ತುಂಬಿಯೋ ಇರುತ್ತಿತ್ತು. ಈಗ ಬೆಟ್ಟದಿಂದ ಬರುವ ಮೇಲಿನ ಕವಲುಗಳೆಲ್ಲ ಹೆಚ್ಚುಕಮ್ಮಿ ರಸ್ತೆಗಳ ಅಡಿಯಲ್ಲಿವೆ, ಚರಂಡಿ ಜಾಲದಲ್ಲಿ ಬೆರೆತುಹೋಗಿವೆ. ಊರಿಗೆ ಊರೇ ಡಾಂಬರು ಕಾಂಕ್ರೀಟು ಹೊದ್ದುಕೊಂಡ ಮೇಲೆ ನೆಲಕ್ಕೆ ನೀರು ಇಂಗುವುದಿಲ್ಲ. ಇಂಗದಿದ್ದರೆ ಒರತೆ ಎಲ್ಲಿಂದ ಬರಬೇಕು? ಹಾಗಾಗಿ ಹೊಳೆಯನ್ನು ತೆರೆದು ಸುಮ್ಮನೆ ಬಿಟ್ಟಿದ್ದರೆ ವರ್ಷದ ಹೆಚ್ಚಿನ ದಿನ ಅದು ಒಣ ಕಾಲುವೆ ಆಗಿರುತ್ತಿತ್ತು.

ಅದಕ್ಕೆ ಅವರು ಮಾಡಿದ್ದು ಇಷ್ಟು. ಕೆಳಗಡೆ ಹಾನ್ ನದಿಯಲ್ಲಿ ನೀರೆತ್ತಿ, ಶುದ್ಧ ಮಾಡಿ, ಪೈಪಿನಲ್ಲಿ ವಾಪಸ್ ಮೇಲಕ್ಕೆ ತಳ್ಳಿ, ಆ ಶಂಖದ ಶಿಲ್ಪದ ಪಕ್ಕ ಬಿಡುತ್ತಾರೆ. ಜೊತೆಗೆ ಮೆಟ್ರೋ ನಿಲ್ದಾಣಗಳ ಸುರಂಗಕ್ಕೆ ಬಸಿಯುವ ಅಂತರ್ಜಲವನ್ನೂ ಸೇರಿಸುತ್ತಾರೆ. ಆ ನೀರನ್ನು ಹೇಗಿದ್ದರೂ ಎತ್ತಿ ಹೊರಗೆ ಚೆಲ್ಲಲೇಬೇಕು, ಇಲ್ಲಾಂದ್ರೆ ಹಳಿ ಮುಳುಗುತ್ತದೆ. ಎರಡೂ ಸೇರಿ ದಿನಕ್ಕೆ ಸುಮಾರು 1,20,000 ಟನ್, ಅಂದರೆ 12 ಕೋಟಿ ಲೀಟರ್. ನಮ್ಮ ನಗರಗಳಿಗೆ ಲೆಕ್ಕ ಹಾಕುವಾಗ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರಲ್ಲ, ಆ ಲೆಕ್ಕದಲ್ಲಿ ಇದು ಹತ್ತಿರ ಹತ್ತಿರ 9 ಲಕ್ಷ ಜನರ ನೀರು. ಒಂದು ಮೈಸೂರು ಅನ್ನಿ. ಹೊಳೆಯ ತಳದಲ್ಲಿ ಈ ನೀರು ಇಂಗಿಹೋಗದ ಹಾಗೆ ಒಂದು ಪದರವನ್ನೂ ಹಾಸಿದ್ದಾರೆ. ಹರಿದ ನೀರು ಕೊನೆಗೆ ಮತ್ತೆ ಹಾನ್ ನದಿಗೇ ಸೇರುತ್ತದೆ, ಅಂದರೆ ಒಂದು ಸುತ್ತು ಹೊಡೆದು ಬಂದ ಹಾಗೆ. ಕರೆಂಟು ಹೋದರೆ ಹೊಳೆ ನಿಲ್ಲುತ್ತದೆ.

ಇದನ್ನು ಕೇಳಿದ ಕೂಡಲೇ ‘ಅಯ್ಯೋ, ಹಾಗಾದರೆ ಇದು ನಾಟಕದ ಹೊಳೆ’ ಅನ್ನುವವರಿದ್ದಾರೆ. ಅಲ್ಲಿಯ ಪರಿಸರದವರೂ ಇದನ್ನೇ ಹೇಳಿದರು, ಉದ್ದನೆಯ ಕೃತಕ ಕಾರಂಜಿ ಅಂತ. ಅವರ ಮಾತು ಅರ್ಧ ನಿಜ. ಆದರೆ ನೀರು ಪಂಪಿನದೋ ಬೆಟ್ಟದ್ದೋ ಅಂತ ಮೀನು ಕೇಳುವುದಿಲ್ಲ. ಹೊಳೆ ತೆರೆದ ಕೆಲವೇ ವರ್ಷಗಳಲ್ಲಿ ಕೆಳಗಿನಿಂದ ಈಜಿಕೊಂಡು ಮೀನುಗಳು ಬಂದವು, ಮೀನು ಹುಡುಕಿಕೊಂಡು ಬೆಳ್ಳಕ್ಕಿಗಳೂ ಬಂದವು. ನಾನು ಕೂತಿದ್ದ ಕಡೆಯೇ ಒಂದು ಬೂದು ಬಕ, ಜನ ಫೋಟೋ ತೆಗೆಯುತ್ತಿದ್ದರೂ ಕ್ಯಾರೇ ಅನ್ನದೆ, ದಾಟುಗಲ್ಲಿನ ಪಕ್ಕ ನಿಂತಿತ್ತು.

ಎರಡನೇ ಸೇತುವೆ ಗ್ವಾಂಗ್‌ಟೊಂಗ್‌ಗ್ಯೊ. ಅಲ್ಲಿ ಸ್ವಲ್ಪ ನಿಲ್ಲಿ. ‘ಗ್ಯೊ’ ಅಂದರೆ ಸೇತುವೆ. ಮೇಲಿಂದ ನೋಡಿದರೆ ಸಾಧಾರಣ ಕಲ್ಲು ಸೇತುವೆ, ಏನೂ ವಿಶೇಷ ಇಲ್ಲ. ಕೆಳಗಿಳಿದು ಪಕ್ಕದ ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿ. ಕೆಲವು ಹೊಸ ಬಿಳಿ ಕಲ್ಲು, ಕೆಲವು ಕಪ್ಪಗಾದ ಹಳೆಯವು. ಹಳೆಯವುಗಳ ಮೇಲೆ ಮೋಡದ ಸುರುಳಿ, ಕೈಮುಗಿದ ದೇವತೆ, ತುಂಬ ನಾಜೂಕಾದ ಕೆತ್ತನೆ. ಒಂದು ಕಲ್ಲಿನ ಮುಂದೆ ನನ್ನ ಕತ್ತು ತಾನಾಗಿ ವಾಲಿತು, ಯಾಕೆಂದರೆ ದೇವತೆ ತಲೆಕೆಳಗಾಗಿದ್ದ.

ಅದು ಅಪ್ಪಟ ಸವತಿ ಮತ್ಸರದ ಕತೆ. ಜೋಸೊನ್ ವಂಶ ಕಟ್ಟಿದ ರಾಜ ತೇಜೊ, ತನ್ನ ಎರಡನೇ ಹೆಂಡತಿಯ ಮಗನನ್ನು ಯುವರಾಜ ಮಾಡಿದ. ಮೊದಲ ಹೆಂಡತಿಯ ಮಗ ಸಿಟ್ಟಿಗೆದ್ದು 1398ರಲ್ಲಿ ಆ ಹುಡುಗನನ್ನು ಕೊಲ್ಲಿಸಿ, ಆಮೇಲೆ ತೇಜೊಂಗ್ ಅನ್ನುವ ಹೆಸರಲ್ಲಿ ತಾನೇ ರಾಜನಾದ. ಅಪ್ಪ ಸತ್ತ ಮೇಲೆ ಮಲತಾಯಿಯ ಸಮಾಧಿಯನ್ನು ಊರ ಹೊರಗೆ ಎತ್ತಿಹಾಕಿಸಿದ. 1410ರಲ್ಲಿ ಪ್ರವಾಹಕ್ಕೆ ಮಣ್ಣಿನ ಸೇತುವೆ ಕೊಚ್ಚಿಹೋದಾಗ ಆ ಸಮಾಧಿಯ ಕಲ್ಲುಗಳನ್ನೇ ತಂದು ಈ ಸೇತುವೆ ಕಟ್ಟಿಸಿದರು. ಜನ ದಿನಾ ತುಳಿದುಕೊಂಡು ಹೋಗಲಿ ಅಂತಲೇ ಹಾಗೆ ಮಾಡಿದ ಅನ್ನುತ್ತಾರೆ. ಕಲ್ಲು ತಲೆಕೆಳಗಾದದ್ದು ಹಗೆಗೋ ಗಾರೆಯವರ ಅವಸರಕ್ಕೋ, ನಿಮಗೆ ಬೇಕಾದದ್ದನ್ನು ನಂಬಿ. ಈ ಕಲ್ಲುಗಳು ಇಷ್ಟು ಚೆನ್ನಾಗಿ ಉಳಿದಿರುವುದಕ್ಕೆ ಒಂದು ಕಾರಣ, ಹತ್ತಿರ ಹತ್ತಿರ ಐವತ್ತು ವರ್ಷ ಅವು ಕಾಂಕ್ರೀಟಿನ ಅಡಿಯಲ್ಲಿ ಹೂತುಹೋಗಿದ್ದವು. ಮತ್ತೆ ಕಟ್ಟುವಾಗ ಮೂಲ ಜಾಗದಲ್ಲಿ ಟ್ರಾಫಿಕ್ ಇತ್ತು ಅಂತ ಸೇತುವೆಯನ್ನು ಹೊಳೆ ಹರಿದು ಬರುವ ಕಡೆಗೆ ಸುಮಾರು 150 ಮೀಟರ್ ಸರಿಸಿದ್ದಾರೆ. ರಾಣಿಯ ಪಾಡು ನೋಡಿ, ಎರಡು ಸಲ ಒಕ್ಕಲೆಬ್ಬಿಸಿದ ಹಾಗಾಯಿತು.

ಇನ್ನೊಂದು ಹಳೆಯ ಸೇತುವೆ ಸುಪ್ಯೊಗ್ಯೊ ಈಗ ಇಲ್ಲಿಲ್ಲ, 1959ರಲ್ಲೇ ಎತ್ತಿಕೊಂಡು ಹೋಗಿ ಒಂದು ಪಾರ್ಕಿನಲ್ಲಿ ಇಟ್ಟಿದ್ದಾರೆ. ‘ಸುಪ್ಯೊ’ ಅಂದರೆ ನೀರಿನ ಮಟ್ಟ ಅಳೆಯುವ ಗುರುತುಗಂಬ. ರಾಜ ಸೆಜೊಂಗ್ ಕಾಲದಲ್ಲಿ, 1441ರಲ್ಲಿ, ಹೊಳೆ ಎಷ್ಟು ಏರಿತು ಅಂತ ಗೀಟು ನೋಡಿ ಹೇಳಲು ಅಂಥ ಕಂಬ ನೆಟ್ಟಿದ್ದರು. ಆದರೆ ಅಳತೆ ಇಟ್ಟರೆ ಪ್ರವಾಹ ನಿಲ್ಲುವುದಿಲ್ಲವಲ್ಲ. ಬೆಟ್ಟದ ಮರ ಕಡಿದಂತೆಲ್ಲ ಮಣ್ಣು ಕೊಚ್ಚಿ ಬಂದು ಹೊಳೆಯಲ್ಲಿ ಹೂಳು ತುಂಬಿತು. 1760ರಲ್ಲಿ ರಾಜ ಯೊಂಗ್ಜೊ 57 ದಿನ ಹೂಳೆತ್ತಿಸಿದ, ಎರಡು ಲಕ್ಷಕ್ಕೂ ಹೆಚ್ಚು ಜನ ದುಡಿದರು. ಒಂದಷ್ಟು ಜನ ಬಿಟ್ಟಿ, ಒಂದಷ್ಟು ಜನಕ್ಕೆ ಕೂಲಿ. ಇಷ್ಟರಲ್ಲಿ ನನಗೆ ತುಂಬ ಹಿಡಿಸಿದ್ದು ಅವರು ಬಿಟ್ಟ ಒಂದು ಗುರುತು. ಸುಪ್ಯೊಗ್ಯೊ ಕಂಬದ ಮೇಲೆ ‘ಆ ವರ್ಷದ ನೆಲಮಟ್ಟ ಇಲ್ಲಿಗೆ’ ಅನ್ನುವ ಅರ್ಥದ ನಾಲ್ಕು ಅಕ್ಷರ ಕೆತ್ತಿದರು. ಮುಂದೆ ಹೂಳೆತ್ತುವವರು ಎಲ್ಲಿಯವರೆಗೆ ಅಗೆಯಬೇಕು ಅಂತ ಗೊತ್ತಾಗಲಿ ಅಂತ. ಅಕ್ಷರ ಕಾಣುವಷ್ಟು ತೆಗೆದರೆ ಕೆಲಸ ಮುಗೀತು. ನಮ್ಮ ಕೆರೆಗಳ ಹೂಳೆತ್ತುವ ಬಿಲ್ಲುಗಳಿಗೆ ಇಂಥದ್ದೊಂದು ಕಲ್ಲಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ಹೊಳೆ ಮುಚ್ಚಿದ್ದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಈ ಕತೆ ನಮಗೆ ಚೆನ್ನಾಗಿ ಗೊತ್ತಿರುವುದೇ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ ಊರಿಗೆ ನಿರಾಶ್ರಿತರು ತುಂಬಿದರು. ಹೊಳೆ ದಂಡೆಯಲ್ಲಿ ಮರದ ಕಂಬ ನೆಟ್ಟು ಗುಡಿಸಲು ಹಾಕಿಕೊಂಡರು. ಎಲ್ಲರ ಕೊಳಚೆಯೂ ಹೊಳೆಗೇ ಬಿತ್ತು. 1958ರಿಂದ ಅದರ ಮೇಲೆ ಕಾಂಕ್ರೀಟು ಹಾಕಿ ಮುಚ್ಚುತ್ತಾ ಹೋದರು, ಮುಚ್ಚಿದ್ದರ ಮೇಲೆ ರಸ್ತೆ, ರಸ್ತೆ ಮೇಲೆ 1960ರ ದಶಕದ ಕೊನೆಯಿಂದ ಉದ್ದಕ್ಕೂ ಒಂದು ಫ್ಲೈಓವರ್. ಕಾಲುವೆ ಮೇಲೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ರಸ್ತೆ, ಅದರ ಮೇಲೆ ಇನ್ನೊಂದು ರಸ್ತೆ. ದೇಶ ಮುಂದುವರಿದದ್ದಕ್ಕೆ ಇದೇ ಸಾಕ್ಷಿ ಅಂತ ಆಗ ಹೆಮ್ಮೆಯಿಂದ ಫೋಟೋ ಹಾಕುತ್ತಿದ್ದರು.

ಆದರೆ ಮುಚ್ಚಿದ ಕೊಳಚೆ ಸುಮ್ಮನಿರುವುದಿಲ್ಲ. ಗಾಳಿ ಆಡದ ಕಡೆ ಕೊಳೆಯುವಾಗ ಕೊಳೆತ ಮೊಟ್ಟೆ ವಾಸನೆಯ ಅನಿಲ ಏಳುತ್ತದೆ. ಅದು ಒದ್ದೆ ಕಾಂಕ್ರೀಟಿನ ಮೇಲೆ ಆಮ್ಲವಾಗಿ ಕಾಂಕ್ರೀಟನ್ನೂ ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಮೇಲೆ ಲಾರಿಗಳ ಭಾರ. ಇದೇ ಊರಿನಲ್ಲಿ 1994ರಲ್ಲಿ ಹಾನ್ ನದಿಯ ಸೊಂಗ್ಸು ಸೇತುವೆ ಮುರಿದು 32 ಜನ ಸತ್ತರು, ಮಾರನೇ ವರ್ಷ ಸಂಪುಂಗ್ ಮಳಿಗೆ ಕಟ್ಟಡ ಕುಸಿದು 502 ಜನ ಸತ್ತರು. ಅಷ್ಟಾದ ಮೇಲೆ ಯಾರಿಗೆ ತಾನೇ ಹಳೆಯ ಫ್ಲೈಓವರ್ ಮೇಲೆ ಧೈರ್ಯ ಇರುತ್ತದೆ? ಭಾರದ ಗಾಡಿಗಳನ್ನು ನಿಲ್ಲಿಸಿದರು. ರಿಪೇರಿಗೆ ಸಿಕ್ಕಾಪಟ್ಟೆ ಖರ್ಚು ಅಂತ ಗೊತ್ತಾಯಿತು. ಅಂದರೆ ಹೊಳೆ ಮೇಲಿನ ಪ್ರೀತಿಯೊಂದೇ ಈ ಕೆಲಸ ಮಾಡಿಸಲಿಲ್ಲ. ಫ್ಲೈಓವರ್ ಹಾಳಾಗಿತ್ತು, ಏನಾದರೂ ಮಾಡಲೇಬೇಕಿತ್ತು. ಆಗ ಅದನ್ನು ಕೆಡವಿ ಹೊಳೆ ತೆರೆಯುತ್ತೇನೆ ಅಂತ ಹೇಳಿ ಮೇಯರ್ ಚುನಾವಣೆ ಗೆದ್ದವರು ಲೀ ಮ್ಯೊಂಗ್-ಬಾಕ್. ಅವರು ದೊಡ್ಡ ಕಟ್ಟಡ ಕಂಪನಿಯೊಂದನ್ನು ನಡೆಸಿದ್ದವರು, ಮುಂದೆ ದೇಶದ ಅಧ್ಯಕ್ಷರೂ ಆದರು. 2003ರ ಜುಲೈಯಲ್ಲಿ ಕೆಡವಲು ಶುರು, 2005ರ ಅಕ್ಟೋಬರ್ 1ಕ್ಕೆ 5.8 ಕಿ.ಮೀ. ಹೊಳೆ ಉದ್ಘಾಟನೆ. ಎರಡು ವರ್ಷ ಮೂರು ತಿಂಗಳು. ನಮ್ಮಲ್ಲಿ ಒಂದು ಅಂಡರ್‌ಪಾಸಿಗೆ ಎಷ್ಟು ವರ್ಷ ಬೇಕು ಅಂತ ನಾನು ಹೇಳಬೇಕಿಲ್ಲ.

ಎಲ್ಲರಿಗೂ ಬರುವ ಪ್ರಶ್ನೆ: ಆ ಗಾಡಿಗಳೆಲ್ಲ ಎಲ್ಲಿ ಹೋದವು? ಫ್ಲೈಓವರ್ ಮತ್ತು ಕೆಳಗಿನ ರಸ್ತೆ ಸೇರಿ ದಿನಕ್ಕೆ ಸುಮಾರು 1,68,000 ಗಾಡಿ ಓಡುತ್ತಿದ್ದವು. ಊರು ಸ್ತಬ್ಧವಾಗುತ್ತದೆ ಅಂತ ತುಂಬ ಜನ ಹೆದರಿಸಿದ್ದರು, ಆಗಲಿಲ್ಲ. ಇದರ ಗುಟ್ಟು ಹೊಳೆಯಲ್ಲಿಲ್ಲ, ಬಸ್ಸಿನಲ್ಲಿದೆ. 2004ರ ಜುಲೈ 1ರಂದು ಒಂದೇ ದಿನ ಇಡೀ ಸೋಲ್‌ನ ಬಸ್ ವ್ಯವಸ್ಥೆ ಬದಲಾಯಿಸಿದರು. ರಸ್ತೆ ನಡುವೆ ಬಸ್ಸಿಗೇ ಬೇರೆ ಪಥ, ಬಸ್ಸು-ಮೆಟ್ರೋಗೆ ಒಂದೇ ಕಾರ್ಡು, ಇಳಿದು ಹತ್ತಿದರೆ ಹೊಸ ಟಿಕೆಟ್ ಇಲ್ಲ. ಮೊದಲ ವಾರ ಗೊಂದಲವೋ ಗೊಂದಲ, ಮೇಯರ್ ಕ್ಷಮೆ ಕೇಳಬೇಕಾಯಿತು. ಆಮೇಲೆ ಎಲ್ಲ ಕೂತುಕೊಂಡಿತು. ರಸ್ತೆ ಅಗಲ ಮಾಡಿದಷ್ಟೂ ಗಾಡಿ ಬರುವುದನ್ನು ನಾವು ದಿನಾ ನೋಡುತ್ತೇವೆ. ಅದರ ಉಲ್ಟಾ ಕೂಡ ನಿಜ. ದಾರಿ ಕಡಿಮೆಯಾಗಿ ಪಕ್ಕದಲ್ಲೇ ಒಳ್ಳೆಯ ಬಸ್ಸು ಸಿಕ್ಕರೆ ಒಂದಷ್ಟು ಜನ ಕಾರು ಮನೆಯಲ್ಲೇ ಬಿಡುತ್ತಾರೆ, ಒಂದಷ್ಟು ಜನ ಬೇರೆ ದಾರಿ, ಬೇರೆ ಹೊತ್ತು ನೋಡಿಕೊಳ್ಳುತ್ತಾರೆ. ಬಸ್ಸು ಸರಿಮಾಡದೆ ಬರೀ ಹೊಳೆ ತೆರೆದಿದ್ದರೆ ಹೆದರಿಸಿದವರ ಮಾತೇ ನಿಜವಾಗುತ್ತಿತ್ತು.

ಅರ್ಧ ದಾರಿಗೆ ಬಂದಾಗ ಹಸಿವು. ಮೆಟ್ಟಿಲು ಹತ್ತಿದರೆ ಹತ್ತಿರದಲ್ಲೇ ಗ್ವಾಂಗ್‌ಜಾಂಗ್ ಮಾರುಕಟ್ಟೆ. ಅಲ್ಲಿ ಹೆಂಗಸರು ನೆನೆಸಿದ ಹೆಸರುಬೇಳೆಯನ್ನು ತಿರುಗುವ ಕಲ್ಲಿನಲ್ಲಿ ರುಬ್ಬುತ್ತಾ, ಅಂಗೈ ದಪ್ಪದ ರೊಟ್ಟಿಯನ್ನು ಎಣ್ಣೆಯಲ್ಲಿ ತೇಲಿಸಿ ಬೇಯಿಸುತ್ತಿದ್ದರು. ಹೆಸರು ಬಿಂದೆತೊಕ್. ನಮ್ಮ ಹೆಸರುಬೇಳೆ ದೋಸೆಗೆ ಪೈಲ್ವಾನ್ ಅಣ್ಣ ಇದ್ದ ಹಾಗೆ. ಹಂದಿಮಾಂಸ ಸೇರಿಸುವವರೂ ಇದ್ದಾರೆ, ತಿನ್ನದವರು ಕೇಳಿಕೊಂಡು ತಿನ್ನಿ. ಈ ಭಾಗದ ಹೊಳೆ ದಂಡೆಯಲ್ಲಿ ಇನ್ನೂ ಟೂಲ್ಸು, ಲೈಟು, ಮೋಟಾರು, ಬಟ್ಟೆ ಅಂಗಡಿಗಳ ಸಾಲು. ಬೆಂಗಳೂರಿನ ಎಸ್.ಪಿ. ರೋಡಿನ ಪಕ್ಕ ಹೊಳೆ ಹರಿದರೆ ಹೇಗಿರುತ್ತೋ ಹಾಗೆ.

ಆದರೆ ಮೊದಲು ಇಲ್ಲಿದ್ದವರೆಲ್ಲ ಈಗ ಇಲ್ಲಿಲ್ಲ. ಫ್ಲೈಓವರಿನ ನೆರಳಲ್ಲಿ ಹಳೆ ಸಾಮಾನು ಹರವಿ ಮಾರುತ್ತಿದ್ದ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ, ಅವರಲ್ಲಿ ನೂರಾರು ಜನರನ್ನು ಹತ್ತಿರದ ದೊಂಗ್‌ದೆಮುನ್ ಕ್ರೀಡಾಂಗಣದೊಳಕ್ಕೆ ಕಳಿಸಿದರು. ಕೆಲವೇ ವರ್ಷಕ್ಕೆ ಆ ಕ್ರೀಡಾಂಗಣವನ್ನೂ ಕೆಡವಿ ಡಿಸೈನ್ ಪ್ಲಾಜಾ ಕಟ್ಟಲು ಹೊರಟರು, ವ್ಯಾಪಾರಿಗಳು ಮತ್ತೆ ಗಂಟುಮೂಟೆ ಕಟ್ಟಿದರು. ಅಂಗಡಿಯವರಿಗೆ ಊರಿನ ಇನ್ನೊಂದು ಮೂಲೆಯಲ್ಲಿ ಹೊಸ ಮಾಲ್ ಕಟ್ಟಿಕೊಟ್ಟರೂ ಹೋದವರು ಕಡಿಮೆ. ದಿನಾ ಬರುವ ಗಿರಾಕಿ ಅಲ್ಲಿಗೆ ಬರಬೇಕಲ್ಲ. ದಂಡೆಯ ಜಾಗದ ಬೆಲೆ ಏರಿತು, ಏರಿದ ಬಾಡಿಗೆ ಕೊಡಲಾಗದವರು ಹೋದರು. ಕಾಲು ಇಳಿಬಿಟ್ಟು ಕೂತವರಿಗೆ ಇದೊಂದೂ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ, ಹಳೆ ವಾಚು ಮಾರುವ ಒಬ್ಬ ಮುದುಕರ ಬಗ್ಗೆ ಸಹೋದ್ಯೋಗಿ ಹೇಳುವವರೆಗೆ.

ವಾಪಸ್ ಹೊಳೆಗಿಳಿದು ಒಂದು ಹತ್ತು ನಿಮಿಷ ನಡೆದಿರಬಹುದು, ಮಳೆ ಹನಿ ಶುರುವಾಯಿತು. ದೊಡ್ಡ ಮಳೆ ಏನಲ್ಲ. ನಮ್ಮಲ್ಲಾದರೆ ತಲೆಗೆ ಕರ್ಚೀಫು ಹಾಕಿಕೊಂಡು ನಡೆಯುವಷ್ಟು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಏನೋ ಕೂಗಿದರು, ಕೂತಿದ್ದವರೆಲ್ಲ ಶೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ನಾನು ಪೆದ್ದನ ಹಾಗೆ ನಿಂತಿದ್ದೆ. ಒಬ್ಬ ಅಜ್ಜಿ ನನ್ನ ತೋಳು ತಟ್ಟಿ ಗೋಡೆಯ ಕಡೆ ಕೈ ತೋರಿಸಿದರು. ಗೋಡೆಯಲ್ಲಿ ಸಾಲಾಗಿ ಕಬ್ಬಿಣದ ಬಾಗಿಲುಗಳಿದ್ದವು. ಅಲ್ಲಿಯವರೆಗೂ ಅವನ್ನು ನಾನು ಯಾವುದೋ ಕರೆಂಟಿನ ಡಬ್ಬ ಅಂದುಕೊಂಡಿದ್ದೆ.

ಇಡೀ ಹೊಳೆಯ ಮರ್ಮ ಆ ಬಾಗಿಲುಗಳಲ್ಲಿದೆ. ಹಳೆಯ ಸೋಲ್‌ನಲ್ಲಿ ಮನೆಯ ಕೊಳಚೆಗೂ ಮಳೆ ನೀರಿಗೂ ಒಂದೇ ಪೈಪು. ಹೊಳೆ ತೆರೆಯುವ ಮುಂಚೆ, ಮೊದಲು ಅಲ್ಲಿಗೆ ಬೀಳುತ್ತಿದ್ದ ಆ ಪೈಪುಗಳನ್ನೆಲ್ಲ ತಡೆಯಬೇಕಿತ್ತು. ಹಾಗಾಗಿ ಹೊಳೆಯ ಎರಡೂ ಬದಿಗೆ, ಗೋಡೆಯ ಹಿಂದೆ, ಉದ್ದಕ್ಕೂ ದೊಡ್ಡ ಮುಚ್ಚಿದ ಕಾಲುವೆ ಕಟ್ಟಿದ್ದಾರೆ. ಮಾಮೂಲಿ ದಿನ ಎಲ್ಲ ಕೊಳಚೆ ಆ ಕಾಲುವೆಗೆ ಬಿದ್ದು ಕೆಳಗಿನ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ನೀವು ತಿಳಿನೀರಲ್ಲಿ ಕಾಲಾಡಿಸುವಾಗ ನಿಮ್ಮ ಬೆನ್ನ ಹಿಂದೆ, ಗೋಡೆಯಾಚೆ, ಊರಿನ ಬಚ್ಚಲೆಲ್ಲ ಹರಿಯುತ್ತಿರುತ್ತದೆ. ಮಳೆ ಬಂದರೆ ಆ ಕಾಲುವೆ ತುಂಬುತ್ತದೆ. ತುಂಬಿದ ಮೇಲೆ ಅದು ಹಿಂದಕ್ಕೆ ಮನೆಗಳಿಗೆ ಉಕ್ಕಬೇಕು, ಇಲ್ಲ ಎಲ್ಲಾದರೂ ಹೊರಗೆ ಹೋಗಬೇಕು. ಆಗ ನೀರಿನ ಒತ್ತಡಕ್ಕೆ ಈ ಬಾಗಿಲುಗಳು ತೆರೆದುಕೊಂಡು, ಮಳೆ ನೀರು ಕೊಳಚೆ ಎರಡೂ ಸೇರಿ ಹೊಳೆಗೆ ನುಗ್ಗುತ್ತವೆ. ಇದು ಅವಘಡ ಅಲ್ಲ, ಕಟ್ಟಿರುವುದೇ ಹಾಗೆ. ಚೊಂಗ್‌ಗ್ಯೆಚೊನ್ ಮೊದಲಿಗೆ ಪ್ರವಾಹದ ಕಾಲುವೆ, ಆಮೇಲೆ ಪಾರ್ಕು. 200 ವರ್ಷಕ್ಕೊಮ್ಮೆ ಬರುವಂಥ ಮಳೆಗೆ, ಗಂಟೆಗೆ 118 ಮಿ.ಮೀ. ಲೆಕ್ಕ ಹಿಡಿದು ಕಟ್ಟಿದ್ದಾರೆ. ಜನ ನಡೆಯುವ ಹಾದಿ ಕೂಡ ಆಗ ಹೊಳೆಯ ಪಾತ್ರವೇ.

ಸೇತುವೆ ಮೇಲೆ ಕೊಡೆಗಳ ನಡುವೆ ನಿಂತು ನೋಡಿದೆವು. ಮಳೆ ಜೋರಾಯಿತು. ಸ್ವಲ್ಪ ಹೊತ್ತಿಗೆ ನೀರಿನ ಬಣ್ಣ ಚಹಾದ್ದಾಯಿತು, ನಾನು ಕೂತಿದ್ದಂಥ ಕಲ್ಲುಗಳು ಮುಳುಗಿದವು, ಮತ್ತೆ ಒಂದು ವಾಸನೆ ಮೇಲೆ ಬಂತು. ಪರದೇಶದಲ್ಲಿ ನನಗೆ ತುಂಬ ಪರಿಚಯದ ವಾಸನೆ. ಶಾಂತಿನಗರ ಬಸ್ ಸ್ಟ್ಯಾಂಡ್ ಪಕ್ಕ ದಿನಾ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಬಸ್ ಸ್ಟ್ಯಾಂಡ್ ಪಕ್ಕ ಹರಿಯುವುದೇ ಕೆ-100 ರಾಜಕಾಲುವೆ, ಮೆಜೆಸ್ಟಿಕ್ ಕಡೆಯಿಂದ ಕೋರಮಂಗಲ ಹಾದು ಬೆಳ್ಳಂದೂರು ಕೆರೆ ಕಡೆಗೆ ಹೋಗುವುದು. ಅದರ ಪಕ್ಕ ನಡೆಯುವ ಹಾದಿ ಮಾಡಿ ದಂಡೆ ಚಂದ ಮಾಡುವ ಕೆಲಸ 2021ರಲ್ಲಿ ಶುರುವಾದಾಗ ಎಲ್ಲರ ಬಾಯಲ್ಲೂ ಸೋಲ್ ಹೆಸರು ಬಂದಿತ್ತು. ಹೋಲಿಕೆ ಇದೆ, ಆದರೆ ನಮ್ಮ ತೊಂದರೆ ಅವರದರ ಉಲ್ಟಾ. ಅವರ ಹೊಳೆ ಪಂಪು ಮಾಡದಿದ್ದರೆ ಒಣಗುತ್ತದೆ. ನಮ್ಮದು ಬೇಸಿಗೆಯಲ್ಲೂ ಒಣಗುವುದೇ ಇಲ್ಲ, ಯಾಕೆಂದರೆ 100 ಕಿ.ಮೀ. ದೂರದಿಂದ ಎತ್ತಿ ತಂದ ಕಾವೇರಿಯನ್ನು ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಶ್ ಮಾಡಿ ಕಾಲುವೆಗೆ ಬಿಡುತ್ತಿದ್ದೇವೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಹೀಗೆ ಕೊಳಚೆಯಾಗಿ ಹೊರಬೀಳುತ್ತದೆ ಅಂತ ಎಂಜಿನಿಯರುಗಳ ಲೆಕ್ಕ. ಕಾಗದದ ಮೇಲೆ ನಮ್ಮಲ್ಲಿ ಒಳಚರಂಡಿ ಬೇರೆ, ಮಳೆಕಾಲುವೆ ಬೇರೆ. ಸೋಲ್‌ಗಿಂತ ನಾವೇ ಮೇಲು! ನಿಜದಲ್ಲಿ ಎಲ್ಲಿ ಯಾರು ಪೈಪು ತಿರುಗಿಸಿದ್ದಾರೆ ಅನ್ನುವುದನ್ನು ಬೀದಿ ಬೀದಿ ಅಗೆದು ಹುಡುಕಬೇಕು. ಅದು ರಿಬ್ಬನ್ ಕತ್ತರಿಸುವ ಕೆಲಸ ಅಲ್ಲ, ಫೋಟೋಗೂ ಚೆನ್ನಾಗಿ ಬರುವುದಿಲ್ಲ. ಆದರೆ ಅದಾದರೆ ಆ ಕೊಳಚೆಯನ್ನೇ ಶುದ್ಧ ಮಾಡಿ ವಾಪಸ್ ಕಾಲುವೆಗೆ ಬಿಡಬಹುದು. ಹಾನ್ ನದಿಯಂಥದ್ದು ನಮಗೆ ಬೇಕಾಗುವುದೇ ಇಲ್ಲ. ಹಾಗಾಗಿ ಯಾರಾದರೂ ದಂಡೆಯ ಚಿತ್ರ ತೋರಿಸಿದರೆ ದೀಪ, ಬೆಂಚು, ಟೈಲ್ಸು ಆಮೇಲೆ ಕೇಳಿ. ಗೋಡೆ ಹಿಂದಿನ ಪೈಪು ಎಲ್ಲಿದೆ, ಅದು ಯಾವ ಘಟಕಕ್ಕೆ ಹೋಗುತ್ತೆ, ಮಳೆ ಬಂದ ದಿನ ಏನಾಗುತ್ತೆ ಅಂತ ಮೊದಲು ಕೇಳಿ.

ಮಾರನೇ ಸಂಜೆ ಹೊಳೆಯ ಕೆಳತುದಿಗೆ ಹೋದೆ. ಅಲ್ಲಿ ಹಳೆ ಫ್ಲೈಓವರಿನ ಮೂರು ಕಂಬಗಳನ್ನು ಕೆಡವದೆ ನೆನಪಿಗೆ ಅಂತ ಬಿಟ್ಟಿದ್ದಾರೆ. ತಲೆ ಕತ್ತರಿಸಿದ ಹಾಗೆ ನೀರಿನ ನಡುವೆ ನಿಂತಿವೆ, ಒಡೆದ ಕಾಂಕ್ರೀಟಿನಿಂದ ತುಕ್ಕು ಹಿಡಿದ ಸರಳುಗಳು ಹೊರಗೆ ಚಾಚಿವೆ. ಮೆಟ್ಟಿಲಿಗೆ ಇನ್ನೂ ಅಡ್ಡ ಹಗ್ಗ ಕಟ್ಟಿದ್ದರು, ಇಳಿಯಲು ಬಿಡಲಿಲ್ಲ. ಕೆಳಗೆ ರಬ್ಬರ್ ಬೂಟು ಹಾಕಿದ ಏಳೆಂಟು ಜನ ನಡೆಯುವ ಹಾದಿಯ ಮೇಲೆ ಕೂತಿದ್ದ ಕೆಸರನ್ನು ಸಲಿಕೆಯಿಂದ ಗೋರಿ ಗುಡ್ಡೆ ಹಾಕುತ್ತಿದ್ದರು. ಒಬ್ಬ ಪೈಪು ಹಿಡಿದು ದಾಟುಗಲ್ಲುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದ. ನಾನು ನಿಂತಷ್ಟು ಹೊತ್ತಿನಲ್ಲಿ ನಾಲ್ಕು ಕಲ್ಲು ಆಗಿದ್ದವು.